ವಾಚಿನ ಪರದೆಯಲ್ಲಿ ಗ್ರಾಫ್: ಅಮ್ಮನಿಗೆ ಏನೂ ತಿಳಿಯುತ್ತಿಲ್ಲ, ಎಲ್ಲಿ ತಪ್ಪಿದ್ದೇನೆ?

#1 ರೇಖಾಪ್ರಿಯ

ಎಲ್ಲರಿಗೂ ನಮಸ್ಕಾರ. ಒಂದು ಸೋಲನ್ನು ಹೊತ್ತುಕೊಂಡು ಬಂದಿದ್ದೇನೆ.

ನನ್ನ ಅಮ್ಮ ತೋಳಿಗೆ ಗ್ಲೂಕೋಸ್ ಸೆನ್ಸರ್ ಅಂಟಿಸಿಕೊಂಡಿರುತ್ತಾರೆ. ಅದು ಐದು ನಿಮಿಷಕ್ಕೊಮ್ಮೆ ಒಂದು ಅಳತೆ ಕಳುಹಿಸುತ್ತದೆ, ದಿನಕ್ಕೆ 288. ಅದನ್ನು ತೋರಿಸಲು ಮೊಬೈಲಿಗೆ ನಾನೇ ಒಂದು ಚಿಕ್ಕ ಆ್ಯಪ್ ಬರೆದಿದ್ದೆ. 24 ಗಂಟೆಯ ಗ್ರಾಫ್, ಐದು ಬಣ್ಣದ ಪಟ್ಟಿಗಳು, ಹಿನ್ನೆಲೆಯಲ್ಲಿ ಚೌಕುಳಿ ಗೆರೆಗಳು, ಸರಾಸರಿಗೆ ಒಂದು ಚುಕ್ಕೆಗೆರೆ. ಮೊಬೈಲಿನಲ್ಲಿ ಅಮ್ಮನಿಗೂ ಇಷ್ಟವಾಗಿತ್ತು. ಕಳೆದ ತಿಂಗಳು ಅದನ್ನೇ ದುಂಡು ಪರದೆಯ ವಾಚಿಗೆ ಇಳಿಸಿದೆ: 454×454 ಪಿಕ್ಸೆಲ್, 1.4 ಇಂಚು, ಅಕ್ಷದ ಅಂಕಿಗಳಿಗೆ 14 ಪಿಕ್ಸೆಲ್ ಅಕ್ಷರ. ಕಂಪ್ಯೂಟರಿನ ಎಮ್ಯುಲೇಟರಿನಲ್ಲಿ (ವಾಚಿನ ಪರದೆಯನ್ನು ಅನುಕರಿಸಿ ತೋರಿಸುವ ತಂತ್ರಾಂಶ) ನೋಡಿದಾಗ ನನಗೇ ಹೆಮ್ಮೆಯಾಗಿತ್ತು.

ಕೈಗೆ ಕಟ್ಟಿದ ಮೇಲೆ ನಡೆದದ್ದು ಇಷ್ಟು. ಅಮ್ಮ ಕೈ ಎತ್ತುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಕೈಯನ್ನು ಸ್ವಲ್ಪ ದೂರ ಒಯ್ಯುತ್ತಾರೆ, ಮತ್ತೆ ಹತ್ತಿರ ತರುತ್ತಾರೆ. ಅಷ್ಟರಲ್ಲಿ ಪರದೆ ಆರಿಹೋಗುತ್ತದೆ. ಆಮೇಲೆ ಎದ್ದು ಮೊಬೈಲ್ ಹುಡುಕಲು ಹೊರಡುತ್ತಾರೆ. ನಾಲ್ಕನೆಯ ದಿನ ಕೇಳಿಯೇಬಿಟ್ಟರು: "ಏರುತ್ತಿದೆಯೋ ಇಳಿಯುತ್ತಿದೆಯೋ, ಅಷ್ಟು ಹೇಳಿದರೆ ಸಾಕಪ್ಪ. ಈ ಬಣ್ಣದ ಓಕುಳಿ ಯಾರಿಗೆ?"

ಎಲ್ಲಿಂದ ಶುರು ಮಾಡಲಿ? ಅಕ್ಷರ ದೊಡ್ಡದು ಮಾಡಿದರೆ ಗ್ರಾಫಿಗೆ ಜಾಗ ಉಳಿಯುವುದಿಲ್ಲ. ಗ್ರಾಫಿಗೆ ಜಾಗ ಬಿಟ್ಟರೆ ಅಕ್ಷರ ಇರುವೆಯಾಗುತ್ತದೆ.

(ಇದು ಮನೆಬಳಕೆಯ ಆ್ಯಪ್ ಅಷ್ಟೇ. ಎಚ್ಚರಿಕೆಯ ಗಂಟೆ ಬಾರಿಸುವ ಕೆಲಸ ಸೆನ್ಸರಿನ ಜೊತೆಗೆ ಬಂದ ಆ್ಯಪಿನದೇ. ಆ ವಿಷಯದಲ್ಲಿ ಯಾರೂ ಗಾಬರಿಯಾಗಬೇಡಿ.)

#2 ಬರಿಗಣ್ಣು

ಮೊದಲು ಎಮ್ಯುಲೇಟರನ್ನು ನಂಬುವುದು ಬಿಡಿ. ಸಾಧಾರಣ ಮಾನಿಟರಿನಲ್ಲಿ ಇಂಚಿಗೆ 96ರಷ್ಟು ಪಿಕ್ಸೆಲ್ ಇರುತ್ತವೆ ಎಂದುಕೊಳ್ಳಿ. ನಿಮ್ಮ 454 ಪಿಕ್ಸೆಲ್ ಅಲ್ಲಿ 12 ಸೆಂಟಿಮೀಟರ್ ಅಗಲವಾಗಿ ಕಾಣುತ್ತದೆ. ಕೈಯಲ್ಲಿ ಅದು ಮೂರೂವರೆ ಸೆಂಟಿಮೀಟರ್. ನೀವು ಹೆಮ್ಮೆಪಟ್ಟದ್ದು ಸಣ್ಣ ತಟ್ಟೆಯಷ್ಟು ದೊಡ್ಡ ವಾಚನ್ನು ನೋಡಿ.

ಇನ್ನು ಮಿಲಿಮೀಟರಿನಲ್ಲಿ ಯೋಚಿಸಿ. ನಿಮ್ಮ ಪರದೆಯಲ್ಲಿ ಒಂದು ಮಿಲಿಮೀಟರಿಗೆ ಸುಮಾರು 12.8 ಪಿಕ್ಸೆಲ್. 14 ಎನ್ನುವುದು ಅಕ್ಷರದ ಪೂರ್ತಿ ಚೌಕಟ್ಟಿನ ಅಳತೆ. ಅಂಕಿಯ ನಿಜವಾದ ಎತ್ತರ ಅದರ ಮುಕ್ಕಾಲಿಗಿಂತ ತುಸು ಕಡಿಮೆ, ಅಂದರೆ ಹತ್ತು ಪಿಕ್ಸೆಲ್, ಅಂದರೆ 0.8 ಮಿಲಿಮೀಟರ್. ಕಣ್ಣಿನ ಪರೀಕ್ಷೆಯ ಫಲಕದಲ್ಲಿ 'ಸರಿಯಾದ ದೃಷ್ಟಿ'ಯ ಸಾಲಿನ ಅಕ್ಷರ ನೋಡುವ ಕಣ್ಣಿಗೆ 5 ಕೋನನಿಮಿಷದಷ್ಟು (ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ ಒಂದು ಕೋನನಿಮಿಷ) ಎತ್ತರವಿರುತ್ತದೆ. 30 ಸೆಂಟಿಮೀಟರ್ ದೂರದಲ್ಲಿ ಅದು 0.44 ಮಿಲಿಮೀಟರ್. ಅಂದರೆ ನಿಮ್ಮ ಅಂಕಿ ಒಳ್ಳೆಯ ಕಣ್ಣಿನ ಕಟ್ಟಕಡೆಯ ಮಿತಿಯ ಎರಡು ಪಟ್ಟೂ ಇಲ್ಲ. ಆ ಮಿತಿಯೂ ಕೂತು, ಕೈ ಅಲುಗಿಸದೆ, ಬೇಕಾದಷ್ಟು ಹೊತ್ತು ನೋಡುವವರಿಗೆ. ನಿಮ್ಮ ಅಮ್ಮ ಕೈಯನ್ನು ದೂರ ಒಯ್ಯುತ್ತಾರೆ ಎಂದಿರಿ. ವಯಸ್ಸಾದಂತೆ ಹತ್ತಿರದ್ದು ಮಸುಕಾಗುವ ಕಣ್ಣು ಅದು. 45 ಸೆಂಟಿಮೀಟರಿಗೆ ಒಯ್ದರೆ ನಿಮ್ಮ 0.8 ಮತ್ತೂ ಸೊರಗುತ್ತದೆ.

ನಾನು ವಾಚಿನಲ್ಲಿ 2 ಮಿಲಿಮೀಟರಿಗಿಂತ ಚಿಕ್ಕ ಅಂಕಿ ಹಾಕುವುದಿಲ್ಲ. ಮುಖ್ಯ ಅಂಕಿ 5 ಮಿಲಿಮೀಟರಿಗಿಂತ ಕಡಿಮೆ ಇರುವುದಿಲ್ಲ. ಅದಕ್ಕೆ ಜಾಗ ಸಾಲದಿದ್ದರೆ ಆ ಅಂಕಿಯೇ ಅಲ್ಲಿ ಬೇಡ.

#3 ತೆಳುಗೆರೆ

"ಏರುತ್ತಿದೆಯೋ ಇಳಿಯುತ್ತಿದೆಯೋ" ಎಂದರಲ್ಲ, ಅಮ್ಮ ನಿಮಗೆ ವಿನ್ಯಾಸವನ್ನೇ ಬರೆದುಕೊಟ್ಟಿದ್ದಾರೆ. ನೀವು ಮೊಬೈಲಿನ ಗ್ರಾಫನ್ನು ಕುಗ್ಗಿಸಿದ್ದೀರಿ. ಮೊಬೈಲಿನಲ್ಲಿ ಇರುವ ಪ್ರಶ್ನೆ ಬೇರೆ: ನಿನ್ನೆ ಹೇಗಿತ್ತು, ರಾತ್ರಿ ಎಷ್ಟು ಹೊತ್ತಿಗೆ ಇಳಿಯಿತು, ಊಟದ ನಂತರ ಎಷ್ಟು ಏರಿತು. ಅದು ಕೂತು ಓದುವ ಗ್ರಾಫ್. ಕೈ ಎತ್ತಿ ನೋಡುವವರಿಗೆ ಇರುವುದು ಒಂದೇ ಪ್ರಶ್ನೆ: ಈಗ ಎಲ್ಲಿದ್ದೇನೆ, ಎತ್ತ ಹೋಗುತ್ತಿದ್ದೇನೆ.

ಹಾಗಾಗಿ 24 ಗಂಟೆ ತೆಗೆದುಹಾಕಿ. ಮೂರು ಗಂಟೆ ಸಾಕು, 36 ಬಿಂದು. ಚೌಕುಳಿ ಗೆರೆ ತೆಗೆಯಿರಿ. ಸರಾಸರಿಯ ಚುಕ್ಕೆಗೆರೆ ತೆಗೆಯಿರಿ. ಈ ಕ್ಷಣದಲ್ಲಿ ಅದು ಯಾವ ಪ್ರಶ್ನೆಗೂ ಉತ್ತರವಲ್ಲ. ಐದು ಬಣ್ಣದ ಬದಲು 70ರಿಂದ 180ರವರೆಗೆ ಒಂದೇ ಬೂದು ಪಟ್ಟಿ. ವೈದ್ಯರು ಗುರಿಯ ವ್ಯಾಪ್ತಿ ಎಂದು ಸಾಮಾನ್ಯವಾಗಿ ಬಳಸುವುದೂ ಅದನ್ನೇ, ಡೆಸಿಲೀಟರಿಗೆ 70–180 ಮಿಲಿಗ್ರಾಂ (ಅಮ್ಮನ ವೈದ್ಯರು ಬೇರೆ ಹೇಳಿದ್ದರೆ ಅದೇ ಸರಿ). ಆ ಪಟ್ಟಿಯೇ ಅಕ್ಷದ ಕೆಲಸ ಮಾಡುತ್ತದೆ. ಗೆರೆ ಪಟ್ಟಿಯ ಒಳಗಿದೆಯೋ ಹೊರಗಿದೆಯೋ ಎಂದು ನೋಡಲು ಯಾರೂ ಅಂಕಿ ಓದಬೇಕಾಗಿಲ್ಲ.

ಗ್ರಾಫ್ ವಿನ್ಯಾಸದ ಬಗ್ಗೆ ಪುಸ್ತಕ ಬರೆದ ಎಡ್ವರ್ಡ್ ಟಫ್ಟಿ 1983ರಲ್ಲೇ ಹೇಳಿದ ಮಾತು ಇದು: ದತ್ತಾಂಶವನ್ನು ಹೇಳದ ಶಾಯಿ ದಂಡ. ಆದರೆ ಅದನ್ನು ಕುರುಡಾಗಿ ಪಾಲಿಸಿ ಪಟ್ಟಿಯನ್ನೂ ಅಳಿಸುವವರನ್ನು ನೋಡಿದ್ದೇನೆ. ಪಟ್ಟಿ ಹೋದರೆ ಉಳಿಯುವುದು ಒಂದು ಹುಳು. ಅದು ಎಲ್ಲಿ ತೆವಳುತ್ತಿದೆ ಎಂದು ದೇವರಿಗೇ ಗೊತ್ತು.

#4 ಒಂದೇ_ಸಾಲು

ಗ್ರಾಫಾದರೂ ಏಕೆ? ದೊಡ್ಡ ಅಂಕಿ, ಪಕ್ಕದಲ್ಲಿ ಬಾಣ. ಮುಗಿಯಿತು.

#5 ರೇಖಾಪ್ರಿಯ

@ಒಂದೇ_ಸಾಲು, ನಾನೂ ಹಾಗೇ ಯೋಚಿಸಿ ಎರಡು ದಿನ ಬರೀ ಅಂಕಿ ಮತ್ತು ಬಾಣ ಇಟ್ಟು ನೋಡಿದೆ. 110, ಬಾಣ ಕೆಳಕ್ಕೆ. ಅಮ್ಮ ಕೇಳಿದರು, "ಎಷ್ಟು ಹೊತ್ತಿನಿಂದ ಇಳಿಯುತ್ತಿದೆ?" 180ರಿಂದ ಅರ್ಧ ಗಂಟೆಯಲ್ಲಿ ಧುಮುಕಿ 110ಕ್ಕೆ ಬಂದದ್ದೂ, 120ರ ಆಸುಪಾಸಿನಲ್ಲಿ ಬೆಳಗಿನಿಂದ ಆಡುತ್ತಾ ಈಗಷ್ಟೇ ಕೆಳಗೆ ತಿರುಗಿದ್ದೂ ಬಾಣಕ್ಕೆ ಒಂದೇ. ಅಮ್ಮನಿಗೆ ಒಂದೇ ಅಲ್ಲ. ಬಾಣ ದಿಕ್ಕು ಹೇಳುತ್ತದೆ, ಬಂದ ದಾರಿಯನ್ನು ಹೇಳುವುದಿಲ್ಲ.

ಆದ್ದರಿಂದ ಗ್ರಾಫ್ ಇರುತ್ತದೆ, ಆದರೆ ಅಂಕಿಯ ಕೈಕೆಳಗೆ.

#6 ವೃತ್ತವಾಸಿ

ದುಂಡು ಪರದೆಗೆ ಉದ್ದುದ್ದ ಗೆರೆ ತುರುಕುವುದೇ ಜಗಳಕ್ಕೆ ಮೂಲ. ಪರದೆ ವೃತ್ತ, ಚಾರ್ಟೂ ವೃತ್ತವಾಗಲಿ. ಅಂಚಿನ ಸುತ್ತ ಒಂದು ಉಂಗುರ: ಈ ದಿನ ಎಷ್ಟು ಹೊತ್ತು ಗುರಿಯ ವ್ಯಾಪ್ತಿಯಲ್ಲಿದ್ದರು ಎನ್ನುವುದು. ಅದರೊಳಗೆ ಇನ್ನೊಂದು ಉಂಗುರ, ಈಗಿನ ಮಟ್ಟಕ್ಕೆ. ಜನರಿಗೆ ಉಂಗುರದ ಅಭ್ಯಾಸವಿದೆ, ನಡಿಗೆ ಎಣಿಸುವ ಎಲ್ಲ ವಾಚುಗಳಲ್ಲೂ ಅದೇ.

#7 ಹಳೇಪಾಠ

ಅಭ್ಯಾಸವಿದೆ ಎಂದ ಮಾತ್ರಕ್ಕೆ ಓದಲು ಸುಲಭ ಎಂದಲ್ಲ. ತಾನ್ಯಾ ಬ್ಲಾಶೆಕ್ ಮತ್ತು ಸಂಗಡಿಗರು ಸ್ಮಾರ್ಟ್‌ವಾಚಿನ ಮೇಲೆಯೇ ಇದನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ್ದಾರೆ. ಮೂರು ಬಗೆಯ ಚಾರ್ಟ್: ಸ್ತಂಭ, ಹೋಳುಗಳಾಗಿ ಸೀಳಿದ ಡೋನಟ್, ಒಂದರೊಳಗೊಂದು ಉಂಗುರ. ಒಂದೊಂದರಲ್ಲಿ 7, 12 ಅಥವಾ 24 ಮೌಲ್ಯಗಳು. ಗುರುತು ಹಾಕಿದ ಎರಡರಲ್ಲಿ ಯಾವುದು ದೊಡ್ಡದು ಎಂದು ಹೇಳಬೇಕು. ಸ್ತಂಭಕ್ಕೆ ಸರಾಸರಿ 300 ಮಿಲಿಸೆಕೆಂಡಿಗಿಂತ ಕಡಿಮೆ ಸಾಕಾಯಿತು, ಡೋನಟ್‌ಗೆ 220ಕ್ಕಿಂತ ಕಡಿಮೆ. ಒಂದರೊಳಗೊಂದು ಉಂಗುರಕ್ಕೆ ಮಾತ್ರ 1,780ರ ಸಮೀಪದವರೆಗೂ ಹೋಗಿದೆ. ಐದಾರು ಪಟ್ಟು!

ಕಾರಣ ಊಹಿಸಲು ಕಷ್ಟವಿಲ್ಲ. ಒಳಗಿನ ಉಂಗುರದ ಅರ್ಧ ಸುತ್ತು ಹೊರಗಿನದರ ಅರ್ಧ ಸುತ್ತಿಗಿಂತ ಉದ್ದದಲ್ಲಿ ಚಿಕ್ಕದು, ಆದರೆ ಮೌಲ್ಯ ಒಂದೇ. ಕಣ್ಣು ಉದ್ದ ನೋಡುತ್ತದೆ, ಬುದ್ಧಿ ಕೋನ ನೋಡಬೇಕು, ಎರಡೂ ಜಗಳಕ್ಕೆ ನಿಲ್ಲುತ್ತವೆ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಕಾಗದದ ಚಾರ್ಟುಗಳಿಗೆ ತೋರಿಸಿಕೊಟ್ಟ ಕ್ರಮವೂ ಇದೇ: ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ನಾವು ಎಲ್ಲಕ್ಕಿಂತ ಸರಿಯಾಗಿ ಓದುತ್ತೇವೆ. ಉದ್ದ, ಕೋನ, ವಿಸ್ತೀರ್ಣ, ಬಣ್ಣ ಆಮೇಲೆ ಬರುತ್ತವೆ.

#8 ವೃತ್ತವಾಸಿ

ಒಪ್ಪುತ್ತೇನೆ, ಅರ್ಧ. ಆ ಪ್ರಯೋಗ ಎರಡನ್ನು ಹೋಲಿಸುವ ಕೆಲಸಕ್ಕೆ. ಉಂಗುರದ ಕೆಲಸ ಹೋಲಿಕೆಯಲ್ಲ. "ಮುಗಿಯಿತೇ, ಇನ್ನೂ ಇದೆಯೇ" ಎಂಬ ಒಂದೇ ಪ್ರಶ್ನೆ. ಬಾಯಿ ಮುಚ್ಚಿದ ಉಂಗುರವನ್ನು ಓರೆಗಣ್ಣಿನಲ್ಲೂ ಗುರುತಿಸಬಹುದು. ಅದನ್ನು ಅಲ್ಲಿಯೇ ಬಿಡಿ.

ಆದರೆ ನನ್ನ ಸಲಹೆಯನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಬೇರೆ ಕಾರಣಕ್ಕೆ. ಹೆಜ್ಜೆ ಹೆಚ್ಚಾದಷ್ಟೂ ಒಳ್ಳೆಯದು, ಉಂಗುರ ತುಂಬಿದಷ್ಟೂ ಖುಷಿ. ಗ್ಲೂಕೋಸ್ ಹಾಗಲ್ಲ, ಎರಡೂ ಕಡೆ ಪ್ರಪಾತ. ತುಂಬಿದ ಉಂಗುರ ಎಂದರೆ ಇಲ್ಲಿ ಏನು, ಒಳ್ಳೆಯದೋ ಕೆಟ್ಟದ್ದೋ? ಇದನ್ನು ನಿನ್ನೆ ಬರೆಯುವಾಗಲೇ ಯೋಚಿಸಬೇಕಿತ್ತು.

ಪ್ರಾಯಶ್ಚಿತ್ತವಾಗಿ ಸ್ವಲ್ಪ ರೇಖಾಗಣಿತ. ದುಂಡು ಪರದೆಯಲ್ಲಿ ಜನ ಒಳಗೊಂದು ಚೌಕ ಎಳೆದುಕೊಂಡು ಅದರೊಳಗೆ ಎಲ್ಲವನ್ನೂ ತುಂಬುತ್ತಾರೆ. ಆ ಚೌಕದ ಬಾಹು ವ್ಯಾಸದ 71%, ನಿಮಗೆ 321 ಪಿಕ್ಸೆಲ್. ಪರದೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪೋಲು. ಅದರ ಬದಲು ಗ್ರಾಫನ್ನು ನಡುವಿನ ಪಟ್ಟಿಯಾಗಿ ಇಡಿ. 150 ಪಿಕ್ಸೆಲ್ ಎತ್ತರದ ಪಟ್ಟಿಗೆ ವ್ಯಾಸದ ಬಳಿ 428 ಪಿಕ್ಸೆಲ್ ಅಗಲ ಸಿಗುತ್ತದೆ. ಮೇಲಿನ ಕಮಾನಿನಲ್ಲಿ ದೊಡ್ಡ ಅಂಕಿ ಮತ್ತು ಬಾಣ: 80 ಪಿಕ್ಸೆಲ್ ಎತ್ತರದ ಅಂಕಿ ಇಟ್ಟರೂ ಅದರ ತಲೆಯ ಮಟ್ಟದಲ್ಲಿ 300 ಪಿಕ್ಸೆಲ್ ಅಗಲ ಉಳಿದಿರುತ್ತದೆ. ಕೆಳಗಿನ ಕಮಾನು ಸಮಯಕ್ಕೆ.

#9 ಸರಾಸರಿವೈರಿ

ಒಂದು ಪ್ರಶ್ನೆ. ಬಿಂದುಗಳನ್ನು ಹೇಗೆ ಸೇರಿಸುತ್ತಿದ್ದೀರಿ? ನುಣುಪಾದ ವಕ್ರರೇಖೆ ಎಳೆಯುವ ಆಯ್ಕೆ ಹಾಕಿದ್ದರೆ ಈಗಲೇ ತೆಗೆದುಬಿಡಿ.

ಕಾರಣ ಹೇಳುತ್ತೇನೆ. ನಾನು ಹಿಂದೊಮ್ಮೆ ಇಂಥದ್ದೇ ಒಂದನ್ನು ಮಾಡಿದ್ದೆ. ಅಳತೆಗಳು 96, 81, 72, 72, 80 ಎಂದು ಬಂದಿದ್ದವು. 70ಕ್ಕಿಂತ ಒಮ್ಮೆಯೂ ಕೆಳಗೆ ಹೋಗಿರಲಿಲ್ಲ. ಆದರೆ ನನ್ನ ಗ್ರಾಫಿನಲ್ಲಿ ಗೆರೆ ಪಟ್ಟಿಯಿಂದ ಕೆಳಗೆ ಇಣುಕಿ ವಾಪಸಾಗಿತ್ತು. ಎರಡು ಬಿಂದುಗಳ ನಡುವೆ ಚಂದವಾಗಿ ಬಳುಕಬೇಕೆಂದು ಗ್ರಾಫ್ ಎಳೆಯುವ ಸಿದ್ಧ ಕೋಡ್ ಇಲ್ಲದ ಕಣಿವೆಯೊಂದನ್ನು ಹುಟ್ಟಿಸಿತ್ತು. ದೊಡ್ಡ ಪರದೆಯಲ್ಲಾದರೆ ಬಿಂದುಗಳೂ ಕಾಣುತ್ತವೆ, ಮೋಸ ಗೊತ್ತಾಗುತ್ತದೆ. ವಾಚಿನಲ್ಲಿ ಗೆರೆಯೊಂದೇ ಸಾಕ್ಷಿ. ನೇರ ಗೆರೆಯಿಂದ ಸೇರಿಸಿ, ಇಲ್ಲವೇ ಸೇರಿಸಲೇಬೇಡಿ; 36 ಚುಕ್ಕೆಗಳು ತಾವಾಗಿಯೇ ಗೆರೆಯಂತೆ ಕಾಣುತ್ತವೆ.

ಅಳತೆ ಬರದೇ ಹೋದಾಗ ಆ ಜಾಗವನ್ನು ಖಾಲಿ ಬಿಡಿ. ಅರ್ಧ ಗಂಟೆ ಸಂಪರ್ಕ ತಪ್ಪಿದ್ದರೆ ಎರಡು ತುದಿಗಳನ್ನು ಗೆರೆಯಿಂದ ಹೊಲಿದು ಮುಚ್ಚುವುದು ಸುಳ್ಳು.

ನಿಮಗೆ ಬೇಕಾಗುವುದಿಲ್ಲ, ಆದರೂ ಓದುವ ಬೇರೆಯವರಿಗೆ: ಹೃದಯ ಬಡಿತವನ್ನು ಸೆಕೆಂಡಿಗೊಮ್ಮೆ ಅಳೆದರೆ ದಿನಕ್ಕೆ 86,400 ಬಿಂದು. 320 ಪಿಕ್ಸೆಲ್ ಅಗಲಕ್ಕೆ ತುಂಬಿದರೆ ಒಂದು ಕಂಬಸಾಲಿಗೆ (ಒಂದು ಪಿಕ್ಸೆಲ್ ಅಗಲದ ಲಂಬ ಸಾಲಿಗೆ) 270 ಬಿಂದುಗಳು, ಅಂದರೆ ನಾಲ್ಕೂವರೆ ನಿಮಿಷ. ಅವುಗಳ ಸರಾಸರಿ ತೆಗೆದರೆ ಮೆಟ್ಟಿಲು ಹತ್ತಿದಾಗ ಒಂದು ನಿಮಿಷ 150 ಮುಟ್ಟಿದ್ದು ಅಲ್ಲಿ ಹೂತುಹೋಗುತ್ತದೆ. ಪ್ರತಿ ಕಂಬಸಾಲಿಗೆ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಉಳಿಸಿಕೊಂಡು ಒಂದು ಲಂಬ ಗೆರೆ ಎಳೆಯುವುದು ಅತಿ ಸುಲಭದ ಪರಿಹಾರ. ಬಿಂದುಗಳನ್ನೇ ಆರಿಸಬೇಕೆಂದರೆ ಸ್ವೇನ್ ಸ್ಟೈನಾರ್ಸನ್ 2013ರಲ್ಲಿ ಐಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪ್ರಬಂಧದಲ್ಲಿ ಕೊಟ್ಟ ವಿಧಾನವಿದೆ: ಗುಂಪಿಗೊಂದರಂತೆ, ಅಕ್ಕಪಕ್ಕದವುಗಳ ಜೊತೆ ಅತಿ ದೊಡ್ಡ ತ್ರಿಕೋನ ಮಾಡುವ ಬಿಂದುವನ್ನು ಉಳಿಸಿಕೊಳ್ಳುವುದು. ಆಕಾರ ಚೆನ್ನಾಗಿ ಉಳಿಯುತ್ತದೆ. ಆದರೆ ಅತಿ ಎತ್ತರದ ಬಿಂದು ಉಳಿದೇ ಉಳಿಯುತ್ತದೆ ಎಂಬ ಖಾತರಿಯಿಲ್ಲ, ಆದ್ದರಿಂದ ಆರೋಗ್ಯದ ದತ್ತಾಂಶಕ್ಕೆ ನಾನು ಕನಿಷ್ಠ–ಗರಿಷ್ಠವನ್ನೇ ಬಳಸುತ್ತೇನೆ.

#10 ಬರಿಗಣ್ಣು

ಮೂರು ಗಂಟೆಯೇ ಏಕೆ ಎಂದು ಯಾರೂ ಕೇಳಲಿಲ್ಲ. ಲೆಕ್ಕ ಇಲ್ಲಿದೆ. 40ರಿಂದ 300ರವರೆಗಿನ ಮಟ್ಟವನ್ನು 150 ಪಿಕ್ಸೆಲಿಗೆ ಹರಡಿದ್ದೀರಿ ಎಂದುಕೊಳ್ಳೋಣ. ನಿಮಿಷಕ್ಕೆ 2ರಂತೆ ಅರ್ಧ ಗಂಟೆ ಇಳಿದರೆ 60, ಅಂದರೆ 35 ಪಿಕ್ಸೆಲ್ ಕೆಳಕ್ಕೆ. ಮೂರು ಗಂಟೆಯ ಗ್ರಾಫಿನಲ್ಲಿ ಆ ಅರ್ಧ ಗಂಟೆ 71 ಪಿಕ್ಸೆಲ್ ಅಗಲ: ಇಳಿಜಾರು 26 ಡಿಗ್ರಿ. 24 ಗಂಟೆಯ ಗ್ರಾಫಿನಲ್ಲಿ ಅದೇ ಅರ್ಧ ಗಂಟೆ 9 ಪಿಕ್ಸೆಲ್: ಇಳಿಜಾರು 76 ಡಿಗ್ರಿ. ಅಲ್ಲಿ ಇದರ ಎರಡು ಪಟ್ಟು ವೇಗದಲ್ಲಿ ಇಳಿದರೂ 83 ಡಿಗ್ರಿ. 76ಕ್ಕೂ 83ಕ್ಕೂ ವ್ಯತ್ಯಾಸ ಯಾವ ಕಣ್ಣಿಗೂ ಕಾಣುವುದಿಲ್ಲ, ಎರಡೂ ಗೋಡೆ. 26 ಇದ್ದದ್ದು 44 ಆದರೆ ಯಾರಿಗಾದರೂ ಕಾಣುತ್ತದೆ. ಇಳಿಜಾರುಗಳು 45 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಹೋಲಿಕೆ ಚೆನ್ನಾಗಿ ಆಗುತ್ತದೆ ಎಂದು ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದ್ದು ಇದನ್ನೇ.

#11 ಬಿಸಿಲುಗುದುರೆ

ಬಣ್ಣದ ಬಗ್ಗೆ ಎರಡು ಮಾತು. ಕೆಂಪು ಎಂದರೆ ಅಪಾಯ, ಹಸಿರು ಎಂದರೆ ಕ್ಷೇಮ ಎಂದು ಬಣ್ಣವೊಂದನ್ನೇ ನೆಚ್ಚಬೇಡಿ. ಕೆಂಪು–ಹಸಿರು ಬೇರ್ಪಡಿಸಲಾಗದ ಗಂಡಸರು ಬಹಳ ಜನ ಇದ್ದಾರೆ; ಉತ್ತರ ಯುರೋಪ್ ಮೂಲದವರಲ್ಲಿ ಹನ್ನೆರಡರಲ್ಲಿ ಒಬ್ಬರಷ್ಟು. ಬಿಸಿಲಿನಲ್ಲಿ ಉಳಿದವರೂ ಅವರಂತೆಯೇ ಆಗುತ್ತಾರೆ. ಪಟ್ಟಿಯ ಕೆಳಗೆ ಹೋದ ಬಿಂದುಗಳನ್ನು ಬಣ್ಣದ ಜೊತೆಗೆ ಗಾತ್ರದಲ್ಲೂ ದೊಡ್ಡದು ಮಾಡಿ. ಹಿನ್ನೆಲೆಗೂ ಗೆರೆಗೂ ಕನಿಷ್ಠ 3:1 ಕಾಂತಿಭೇದ ಇರಲಿ ಎನ್ನುವುದು 2018ರ ಜಾಲ ಸುಗಮ್ಯತಾ ಮಾರ್ಗಸೂಚಿಯ ಮಾತು. ವಾಚಿಗೆ ಅದು ತೀರಾ ಕಡಿಮೆ, ನಾನು 7ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಸದಾ ಉರಿಯುವ ಪರದೆಯ ಸ್ಥಿತಿಯನ್ನೂ ಮರೆಯಬೇಡಿ. ವಾಚುಗಳಿಗೆಂದು ಗೂಗಲ್ ಮಾಡಿದ ವೇರ್ ಓಎಸ್ ತಂತ್ರಾಂಶದ ಮಾರ್ಗಸೂಚಿ ಆ ಹೊತ್ತಿನಲ್ಲಿ 15%ಕ್ಕಿಂತ ಹೆಚ್ಚು ಪಿಕ್ಸೆಲ್ ಉರಿಯಬಾರದು ಎನ್ನುತ್ತದೆ. ನಿಮ್ಮ ಬೂದು ಪಟ್ಟಿ ಒಂದೇ ಅದನ್ನು ನುಂಗಿಹಾಕುತ್ತದೆ. ಅಲ್ಲಿ ಪಟ್ಟಿಯ ಬದಲು ಎರಡು ಅಂಚುಗೆರೆ ಸಾಕು.

#12 ಅಚ್ಚುಮೊಳೆ

ಕನ್ನಡದಲ್ಲಿ ಹೆಸರು ಬರೆಯುತ್ತೀರಾದರೆ ನನ್ನದೂ ಒಂದು ಮಾತು. ನಮ್ಮ ಲಿಪಿ ಸಾಲಿನ ಕೆಳಗೂ ಒಂದು ಸಂಸಾರ ಹೂಡುತ್ತದೆ. 'ಗ್ಲೂಕೋಸ್' ಎಂದು ಬರೆದರೆ ಗಕಾರದ ಕೆಳಗೆ ಲಕಾರದ ಒತ್ತು. ರೋಮನ್ ಅಕ್ಷರಕ್ಕೆಂದು ಅಳೆದ ಪೆಟ್ಟಿಗೆಯಲ್ಲಿ ಅದರ ಕಾಲು ಕತ್ತರಿಸಿಹೋಗಿ 'ಗೂಕೋಸ್' ಎಂದು ಓದಿಸಿಕೊಳ್ಳುತ್ತದೆ. ನಾನು ಕಣ್ಣಾರೆ ಕಂಡದ್ದು. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇಡಿ. ಅದಕ್ಕಿಂತ ಒಳ್ಳೆಯದು ಆ ಪದವನ್ನೇ ತೆಗೆಯುವುದು. ತೋಳಿಗೆ ಸೆನ್ಸರ್ ಅಂಟಿಸಿಕೊಂಡವರಿಗೆ ಅದು ಏನೆಂದು ಗೊತ್ತು.

ಅಂಕಿಗಳಿಗೆ ಕನ್ನಡ ಅಂಕಿ ಬಳಸುವ ಆಸೆ ನನಗೂ ಇದೆ, ಆದರೆ ಇಲ್ಲಿ ಬೇಡ. ೦ಗೂ ೧ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಬಾಯಿ. ನಡೆಯುತ್ತಾ ನೋಡಿದರೆ ಆ ಬಾಯಿ ಮುಚ್ಚಿಕೊಂಡಂತೆಯೇ. ಪುಸ್ತಕದಲ್ಲಿ ಸಂದರ್ಭ ಕೈಹಿಡಿಯುತ್ತದೆ, ಇಲ್ಲಿ ಸಂದರ್ಭವಿಲ್ಲ.

ಇನ್ನೊಂದು: ಎಲ್ಲ ಅಂಕಿಗಳೂ ಒಂದೇ ಅಗಲವಿರುವ ಫಾಂಟ್ ಆರಿಸಿ. ಇಲ್ಲವಾದರೆ 111 ಹೋಗಿ 108 ಬಂದಾಗ ಇಡೀ ಸಂಖ್ಯೆ ಅತ್ತಿತ್ತ ಕುಣಿಯುತ್ತದೆ.

#13 ತೆಳುಗೆರೆ

ಬೆರಳಿನ ಬಗ್ಗೆ ಯಾರೂ ಹೇಳಿಲ್ಲ, ನಾನೇ ಹೇಳಿಬಿಡುತ್ತೇನೆ. ಮೂರೂವರೆ ಸೆಂಟಿಮೀಟರ್ ಪರದೆಯ ಮೇಲೆ ಒಂದು ಸೆಂಟಿಮೀಟರ್ ಬೆರಳು ಇಟ್ಟು "ಇಲ್ಲಿ ಎಷ್ಟಿತ್ತು" ಎಂದು ಕೇಳಿದರೆ ಉತ್ತರ ಬೆರಳಿನ ಕೆಳಗೇ ಇರುತ್ತದೆ. ಹಿಂದಕ್ಕೆ ಹೋಗಿ ನೋಡಬೇಕಾದರೆ ಪಕ್ಕದ ತಿರುಗುಬಟನ್ ಬಳಸಿ.

#14 ರೇಖಾಪ್ರಿಯ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ. ಹೇಳಿದ್ದನ್ನು ಬಹುಪಾಲು ಮಾಡಿದೆ. ಮೇಲೆ 80 ಪಿಕ್ಸೆಲ್ ಅಂಕಿ (ಆರು ಮಿಲಿಮೀಟರ್ ದಾಟುತ್ತದೆ), ಪಕ್ಕದಲ್ಲಿ ಬಾಣ, ನಡುವೆ ಮೂರು ಗಂಟೆಯ ಚುಕ್ಕೆಗಳು ಮತ್ತು ಬೂದು ಪಟ್ಟಿ, ಕೆಳಗೆ "4 ನಿಮಿಷ ಹಿಂದೆ".

ಆ ಕೊನೆಯ ಸಾಲು ಒಂದು ಪೆಟ್ಟು ತಿಂದ ಮೇಲೆ ಬಂದದ್ದು. ಎರಡನೆಯ ದಿನ ಮೊಬೈಲಿನ ಸಂಪರ್ಕ ತಪ್ಪಿ ನಲವತ್ತು ನಿಮಿಷ ಹೊಸ ಅಳತೆ ಬಂದಿರಲಿಲ್ಲ. ವಾಚು ಮಾತ್ರ 118 ಎಂದು ದಪ್ಪ ಅಕ್ಷರದಲ್ಲಿ ಹೇಳುತ್ತಲೇ ಇತ್ತು. ಅಮ್ಮ ಅದನ್ನು ನಂಬಿ ಕೂತಿದ್ದರು, ನಿಜಕ್ಕೂ ಆಗ 84 ಇತ್ತು. ತಪ್ಪು ಸಂಪೂರ್ಣ ನನ್ನದು. ಚಿಕ್ಕ ಪರದೆಯಲ್ಲಿ ದೊಡ್ಡದಾಗಿ ಬರೆದದ್ದನ್ನು ಯಾರೂ ಅನುಮಾನಿಸುವುದಿಲ್ಲ. ಈಗ ಹತ್ತು ನಿಮಿಷ ದಾಟಿದರೆ ಅಂಕಿ ಮಂಕಾಗುತ್ತದೆ, ಹದಿನೈದು ದಾಟಿದರೆ ಅಂಕಿಯ ಬದಲು ಎರಡು ಅಡ್ಡಗೆರೆ ಬರುತ್ತದೆ, ಬಾಣ ಮಾಯವಾಗುತ್ತದೆ. ಚುಕ್ಕೆಗಳು ಬಲ ಅಂಚಿನಿಂದ ಎಡಕ್ಕೆ ಸರಿಯುತ್ತಾ ಹೋಗಿ ಖಾಲಿ ಜಾಗ ತಾನೇ ಬೆಳೆಯುತ್ತದೆ.

ಇನ್ನೊಂದು ಎಡವಟ್ಟು: ಲಂಬ ಅಕ್ಷ ದತ್ತಾಂಶಕ್ಕೆ ತಕ್ಕಂತೆ ತಾನೇ ಹಿಗ್ಗಿ ಕುಗ್ಗಲಿ ಎಂದು ಬಿಟ್ಟಿದ್ದೆ. ರಾತ್ರಿಯಿಡೀ 105ರಿಂದ 115ರ ನಡುವೆ ಇದ್ದದ್ದು ಪರ್ವತಶ್ರೇಣಿಯಾಗಿ ಕಂಡು ಅಮ್ಮ ಬೆಳಿಗ್ಗೆ ಐದಕ್ಕೇ ನನ್ನನ್ನು ಎಬ್ಬಿಸಿದರು. ಈಗ 40–300 ಎಂದು ಗಟ್ಟಿಮಾಡಿದ್ದೇನೆ.

ಪರೀಕ್ಷೆಯನ್ನೂ ಮಾಡಿದೆ. ವಾಚು ಕಟ್ಟಿ, ನಿಂತಲ್ಲಿಂದ ಹತ್ತು ಹೆಜ್ಜೆ ನಡೆಯಲು ಹೇಳಿ, ನಡುವೆ ಒಂದು ಸೆಕೆಂಡು ಮಾತ್ರ ಪರದೆ ಹೊತ್ತಿಸಿ, "ಎಷ್ಟು? ಎತ್ತ? ಪಟ್ಟಿಯ ಒಳಗೋ ಹೊರಗೋ?" ಎಂದು ಕೇಳುವುದು. ಮನೆಯ ಮೂವರಿಗೂ ಹತ್ತು ಹತ್ತು ಸಲ. ಅಂಕಿಯನ್ನು ಯಾರೂ ತಪ್ಪಲಿಲ್ಲ. ತಪ್ಪಾದದ್ದು ಕೆಳಮಟ್ಟದಲ್ಲಿ: 66 ಇದ್ದಾಗ ಚುಕ್ಕೆ ಪಟ್ಟಿಯೊಳಗೇ ಇದೆ ಎಂದು ಇಬ್ಬರು ಹೇಳಿದರು. ಅಲ್ಲೇ ತಪ್ಪಬಾರದಿತ್ತು.

#15 ಸರಾಸರಿವೈರಿ

ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ನಿಮ್ಮ 150 ಪಿಕ್ಸೆಲಿನಲ್ಲಿ 40–70ಕ್ಕೆ ಸಿಕ್ಕಿರುವುದು 17, ಅಂದರೆ 1.3 ಮಿಲಿಮೀಟರ್. 180–300ಕ್ಕೆ 69. ಅವಸರದಲ್ಲಿ ನೋಡಬೇಕಾದ ಜಾಗಕ್ಕೆ ಅತಿ ಕಡಿಮೆ ಕೊಟ್ಟಿದ್ದೀರಿ.

ಲಂಬ ಅಕ್ಷವನ್ನು ಲಾಗರಿದಮ್ ಮಾಡಿ, ಅಂದರೆ ಸಮ ವ್ಯತ್ಯಾಸಕ್ಕಲ್ಲ, ಸಮ ಪಟ್ಟಿಗೆ (50ರಿಂದ 100, 100ರಿಂದ 200) ಸಮ ಎತ್ತರ. ಆಗ 40–70ಕ್ಕೆ 42 ಪಿಕ್ಸೆಲ್, 70–180ಕ್ಕೆ 70, 180–300ಕ್ಕೆ 38. ಕೆಳಗಿನ ಜಾಗ ಮೂರು ಮಿಲಿಮೀಟರ್ ದಾಟುತ್ತದೆ. ಇದು ನನ್ನ ಹೊಸ ಶೋಧವೇನಲ್ಲ, ಗ್ಲೂಕೋಸ್ ಅಳತೆ ತೋರಿಸುವ ಉಚಿತ ತಂತ್ರಾಂಶವಾದ ನೈಟ್‌ಸ್ಕೌಟ್‌ನಲ್ಲಿ ಈ ಆಯ್ಕೆ ಇದೆ.

#16 ಹಳೇಪಾಠ

ನನಗೆ ಇದು ಪೂರ್ತಿ ಒಗ್ಗುವುದಿಲ್ಲ. ಲಾಗ್ ಅಕ್ಷದಲ್ಲಿ 100ರಿಂದ 80ಕ್ಕೆ ಇಳಿದದ್ದು 250ರಿಂದ 230ಕ್ಕೆ ಇಳಿದದ್ದಕ್ಕಿಂತ ಕಡಿದಾಗಿ ಕಾಣುತ್ತದೆ. ಎರಡೂ ಇಪ್ಪತ್ತೇ. ಓದುವವರಿಗೆ ಹೇಳದೆ ಅಳತೆಗೋಲು ಬಗ್ಗಿಸಿದಂತಾಯಿತಲ್ಲವೇ?

#17 ಸರಾಸರಿವೈರಿ

ಬಗ್ಗಿಸಿದಂತೆಯೇ. ಆದರೆ 100ರಿಂದ ಇಪ್ಪತ್ತು ಇಳಿಯುವುದೂ 250ರಿಂದ ಇಪ್ಪತ್ತು ಇಳಿಯುವುದೂ ಅವರ ಅಮ್ಮನಿಗೆ ಸಮವಲ್ಲ. ಅಂಕಿ ಓದಿ ಲೆಕ್ಕ ಹಾಕುವ ಗ್ರಾಫ್ ಆಗಿದ್ದರೆ ನಿಮ್ಮ ಪಕ್ಷ ನನ್ನದೂ ಆಗುತ್ತಿತ್ತು. ಇಲ್ಲಿ ಅಕ್ಷದ ಮೇಲೆ ಒಂದು ಅಂಕಿಯೂ ಇಲ್ಲ. ನಿಖರ ಸಂಖ್ಯೆ ಮೇಲೆ ದಪ್ಪಗೆ ಕೂತಿದೆ. ಮೊಬೈಲಿನ ಗ್ರಾಫ್ ಮಾತ್ರ ಸಾಮಾನ್ಯ ಅಕ್ಷದಲ್ಲೇ ಇರಲಿ.

#18 ಹಳೇಪಾಠ

ಅಷ್ಟಾದರೆ ಸರಿ. ಆದರೆ ಸ್ತಂಭಗಳಿಗೆ ಇದನ್ನು ಎಂದೂ ಮಾಡಬೇಡಿ. ಸ್ತಂಭದ ಉದ್ದವೇ ಅದರ ಮಾತು, ಸೊನ್ನೆಯಿಂದ ಶುರುವಾಗದಿದ್ದರೆ ಅದು ಸುಳ್ಳು ಹೇಳುತ್ತದೆ.

#19 ರೇಖಾಪ್ರಿಯ

ಲಾಗ್ ಮಾಡಿದೆ, ಪರೀಕ್ಷೆ ಮತ್ತೆ ನಡೆಸಿದೆ. 66ರ ತಪ್ಪು ಹೋಯಿತು. ಅಮ್ಮನಿಗೆ ಅಕ್ಷ ಬದಲಾದದ್ದು ಗೊತ್ತೇ ಆಗಲಿಲ್ಲ. "ಚುಕ್ಕೆ ಚೆನ್ನಾಗಿ ಕಾಣುತ್ತದೆ ಈಗ" ಎಂದರು, ಅಷ್ಟೇ.

ಉಳಿದಿರುವುದು ಬಾಣ. ಕೆಲವೊಮ್ಮೆ ಬಾಣ ಮೇಲಕ್ಕೆ ಇರುತ್ತದೆ, ಚುಕ್ಕೆಗಳು ಸಮತಟ್ಟಾಗಿರುತ್ತವೆ. "ಯಾರ ಮಾತು ಕೇಳಲಿ?" ಎನ್ನುತ್ತಾರೆ. ಕೊನೆಯ ಎರಡು ಅಳತೆಗಳ ವ್ಯತ್ಯಾಸದಿಂದ ಬಾಣ ಲೆಕ್ಕ ಹಾಕುತ್ತಿದ್ದೇನೆ.

#20 ಬರಿಗಣ್ಣು

ಎರಡೇ ಅಳತೆ ಎಂದರೆ ಸೆನ್ಸರಿನ ನಡುಕವನ್ನೆಲ್ಲ ಬಾಣ ನುಂಗುತ್ತದೆ. ಕೊನೆಯ ನಾಲ್ಕು ಬಿಂದುಗಳಿಗೆ, ಅಂದರೆ ಹದಿನೈದು ನಿಮಿಷಕ್ಕೆ, ಒಂದು ಸರಳರೇಖೆ ಹೊಂದಿಸಿ; ಅದರ ಇಳಿಜಾರಿನಿಂದ ಬಾಣ ತಿರುಗಲಿ. ಗ್ರಾಫಿನಲ್ಲೂ ಅದೇ ನಾಲ್ಕು ಚುಕ್ಕೆಗಳನ್ನು ದಪ್ಪ ಮಾಡಿ. ನಿಮ್ಮ ಪರದೆಯಲ್ಲಿ ಅದು 36 ಪಿಕ್ಸೆಲ್ ಅಗಲ, ಮೂರು ಮಿಲಿಮೀಟರಿನ ಹತ್ತಿರ. ಬಾಣ ಎಲ್ಲಿಂದ ಬಂತು ಎಂದು ಕಣ್ಣಿಗೇ ಕಾಣುತ್ತದೆ.

#21 ರೇಖಾಪ್ರಿಯ

ಮಾಡಿದೆ. ನಾಲ್ಕು ದಿನದಿಂದ ಬಾಣಕ್ಕೂ ಚುಕ್ಕೆಗಳಿಗೂ ಜಗಳವಿಲ್ಲ. ತಿರುಗುವಾಗ ಬಾಣ ಐದು ನಿಮಿಷ ತಡವಾಗುತ್ತದೆ, ಅದನ್ನು ಅಮ್ಮನಿಗೆ ಹೇಳಿಟ್ಟಿದ್ದೇನೆ. ಕೋಡನ್ನು ಸ್ವಲ್ಪ ಒಪ್ಪವಾಗಿಸಿ ವಾರದ ಕೊನೆಗೆ ಇಲ್ಲೇ ಹಾಕುತ್ತೇನೆ. ಚೌಕ ಪರದೆಯ ವಾಚು ಇರುವವರು ಯಾರಾದರೂ ಕಟ್ಟಿ ನೋಡಿ ಹೇಳಿದರೆ ಉಪಕಾರ, ನನ್ನ ಬಳಿ ದುಂಡನೆಯದು ಮಾತ್ರ ಇದೆ.